ಗ್ರಾಮ ಆರೋಗ್ಯ ಸಮಿತಿಗಳು ಮತ್ತು ಗ್ರಾಮ ಪಂಚಾಯಿತಿ ಸದಸ್ಯರ ಹೊಣೆ

ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿ ಎಂದರೆ ವರ್ಷಕ್ಕೆ 10,000 ರೂಪಾಯಿ ಬರುವ ಸಮಿತಿ ಎಂಬ ತಿಳಿವಳಿಕೆ ಬಹುತೇಕ ಗ್ರಾಮಗಳಲ್ಲಿ ಬೇರೂರಿದೆ. ಹಣ ಬಂದಾಗ ಸಭೆ, ಬ್ಲೀಚಿಂಗ್ ಪುಡಿ ಖರೀದಿ, ಚರಂಡಿ ಸ್ವಚ್ಛತೆ, ಬಳಕೆ ಪ್ರಮಾಣಪತ್ರ. ಅಲ್ಲಿಗೆ ಸಮಿತಿಯ ವರ್ಷ ಮುಗಿಯುತ್ತದೆ. ಸಾವಿರ ಜನಸಂಖ್ಯೆಯ ಗ್ರಾಮದಲ್ಲಿ ಈ ಮೊತ್ತವನ್ನು ತಲೆಗೆ ಹಂಚಿದರೆ ವರ್ಷಕ್ಕೆ 10 ರೂಪಾಯಿ, ತಿಂಗಳಿಗೆ ಒಂದು ರೂಪಾಯಿಗಿಂತ ಕಡಿಮೆ. ಇಷ್ಟು ಹಣದಿಂದ ಯಾವ ಗ್ರಾಮದ ಆರೋಗ್ಯವೂ ಸುಧಾರಿಸದು. ಸಮಿತಿಯನ್ನು ರಚಿಸಿದವರಿಗೂ ಅಂತಹ ನಿರೀಕ್ಷೆ ಇರಲಿಲ್ಲ. ತನ್ನ ಗ್ರಾಮಕ್ಕೆ ಆರೋಗ್ಯ ಸೇವೆ ಯಾವಾಗ, ಎಲ್ಲಿ, ಹೇಗೆ ದೊರೆಯಬೇಕು ಎಂಬುದನ್ನು ಅಧಿಕೃತವಾಗಿ ಹೇಳುವ ವೇದಿಕೆಯಾಗಿ ಈ ಸಮಿತಿ ರೂಪುಗೊಂಡಿದೆ. ಆ ವೇದಿಕೆಯ ಅಧ್ಯಕ್ಷ ಸ್ಥಾನ ಗ್ರಾಮ ಪಂಚಾಯಿತಿ ಸದಸ್ಯರದು. ಆದುದರಿಂದ ಈ ವಿಷಯದ ಬಗ್ಗೆ ಸದಸ್ಯರು ಸ್ಪಷ್ಟ ತಿಳಿವಳಿಕೆ ಹೊಂದಿರುವುದು ಅಗತ್ಯ.

ಈ ಚಿಂತನೆ ಹೊಸದೇನಲ್ಲ. ಸರ್ ಜೋಸೆಫ್ ಭೋರ್ ಸಮಿತಿ 1946ರ ತನ್ನ ವರದಿಯಲ್ಲಿಯೇ ಗ್ರಾಮಕ್ಕೊಂದು ಆರೋಗ್ಯ ಸಮಿತಿ ಇರಬೇಕೆಂದು ಶಿಫಾರಸು ಮಾಡಿತ್ತು. ಆರೋಗ್ಯ ಸೇವೆಯ ಯೋಜನೆ ಮತ್ತು ಅನುಷ್ಠಾನದಲ್ಲಿ ಭಾಗವಹಿಸುವುದು ಜನರ ಹಕ್ಕೂ ಹೌದು, ಕರ್ತವ್ಯವೂ ಹೌದು ಎಂದು 1978ರ ಅಲ್ಮಾ ಆಟಾ ಘೋಷಣೆ ಸಾರಿತು. 73ನೇ ತಿದ್ದುಪಡಿಯ ಮೂಲಕ ಸಂವಿಧಾನಕ್ಕೆ ಸೇರಿದ ಹನ್ನೊಂದನೇ ಅನುಸೂಚಿಯಲ್ಲಿ ಆಸ್ಪತ್ರೆ, ಪ್ರಾಥಮಿಕ ಆರೋಗ್ಯ ಕೇಂದ್ರ ಮತ್ತು ಔಷಧಾಲಯಗಳೂ ಸೇರಿದಂತೆ ಆರೋಗ್ಯ ಮತ್ತು ನೈರ್ಮಲ್ಯ 23ನೇ ವಿಷಯವಾಗಿದೆ. 2005ರ ಏಪ್ರಿಲ್‌ನಲ್ಲಿ ಆರಂಭವಾದ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನವು ಗ್ರಾಮ ಸಮಿತಿಗಳಿಗೂ ಆಸ್ಪತ್ರೆ ಮಟ್ಟದ ಸಮಿತಿಗಳಿಗೂ ಬ್ಯಾಂಕ್ ಖಾತೆ ಮತ್ತು ಮುಕ್ತ ನಿಧಿ ಒದಗಿಸಿತು. ಕಚೇರಿಗಳಲ್ಲಿ ಅನ್‌ಟೈಡ್ ಫಂಡ್ ಎಂದು ಕರೆಯುವುದು ಇದನ್ನೇ.

ಈಗ ಗ್ರಾಮಾಂತರ ಪ್ರದೇಶದಲ್ಲಿ ಇಂತಹ ಸಮಿತಿಗಳು ಮೂರು ಹಂತಗಳಲ್ಲಿವೆ. ಒಂದರ ಕೆಲಸವನ್ನು ಇನ್ನೊಂದರದೆಂದು ಭಾವಿಸುವುದು ಸಾಮಾನ್ಯವಾದುದರಿಂದ ಪ್ರತ್ಯೇಕವಾಗಿ ಹೇಳಬೇಕಾಗಿದೆ. ಗ್ರಾಮ ಮಟ್ಟದಲ್ಲಿ ಮೇಲೆ ಹೇಳಿದ ಸಮಿತಿ ಇದೆ. 2013ರ ರಾಷ್ಟ್ರೀಯ ಮಾರ್ಗಸೂಚಿಯಂತೆ ಇದರಲ್ಲಿ ಕನಿಷ್ಠ 15 ಸದಸ್ಯರಿರಬೇಕು, ಅರ್ಧದಷ್ಟು ಮಹಿಳೆಯರಿರಬೇಕು, ಪರಿಶಿಷ್ಟ ಜಾತಿ ಮತ್ತು ಪಂಗಡಗಳಿಗೆ ಸೂಕ್ತ ಪ್ರಾತಿನಿಧ್ಯವಿರಬೇಕು. ಗ್ರಾಮ ಪಂಚಾಯಿತಿ ಸದಸ್ಯರು ಅಧ್ಯಕ್ಷರು, ಆಶಾ ಕಾರ್ಯಕರ್ತೆ ಸದಸ್ಯ ಕಾರ್ಯದರ್ಶಿ. ಸಭೆ ತಿಂಗಳಿಗೊಮ್ಮೆಯಾದರೂ ನಡೆಯಬೇಕು. ಐದು ಸಾವಿರ ಜನಸಂಖ್ಯೆಗೆ ಒಂದರಂತೆ ಇರುವ ಉಪಕೇಂದ್ರವು ಆಯುಷ್ಮಾನ್ ಆರೋಗ್ಯ ಮಂದಿರವಾಗಿ ಮೇಲ್ದರ್ಜೆಗೇರಿದ್ದರೆ ಅಲ್ಲಿ ಜನ ಆರೋಗ್ಯ ಸಮಿತಿ ಇರುತ್ತದೆ. ಅದಕ್ಕೆ ಗ್ರಾಮ ಪಂಚಾಯಿತಿ ಅಧ್ಯಕ್ಷರೇ ಅಧ್ಯಕ್ಷರು, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿ ಸಹ ಅಧ್ಯಕ್ಷರು, ಸಮುದಾಯ ಆರೋಗ್ಯ ಅಧಿಕಾರಿ ಸದಸ್ಯ ಕಾರ್ಯದರ್ಶಿ. ಬಯಲು ಪ್ರದೇಶದಲ್ಲಿ ಮೂವತ್ತು ಸಾವಿರ ಜನಸಂಖ್ಯೆಗೆ ಒಂದರಂತೆ ಇರುವ ಪ್ರಾಥಮಿಕ ಆರೋಗ್ಯ ಕೇಂದ್ರದ ಸಮಿತಿ ಕರ್ನಾಟಕದಲ್ಲಿ ಬಹುಕಾಲದಿಂದ ಆರೋಗ್ಯ ರಕ್ಷಾ ಸಮಿತಿ ಎಂದೇ ಪರಿಚಿತ. ಮುಕ್ತ ನಿಧಿಯ ವಾರ್ಷಿಕ ಮಿತಿ ಗ್ರಾಮ ಸಮಿತಿಗೆ 10,000 ರೂಪಾಯಿ, ಉಪಕೇಂದ್ರ ಮಟ್ಟದ ಆಯುಷ್ಮಾನ್ ಆರೋಗ್ಯ ಮಂದಿರಕ್ಕೆ 50,000 ರೂಪಾಯಿ, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ 1.75 ಲಕ್ಷ ರೂಪಾಯಿ.

ಆರೋಗ್ಯ ಕೇಂದ್ರದ ದಾಖಲಾತಿ ಪುಸ್ತಕಕ್ಕೆ ಒಂದು ಮಿತಿ ಇದೆ. ಬಂದವರ ಹೆಸರು ಅದರಲ್ಲಿ ಇರುತ್ತದೆ, ಬಾರದವರ ಹೆಸರು ಇರುವುದಿಲ್ಲ. ವೈದ್ಯಾಧಿಕಾರಿಗಳು ಎಷ್ಟೇ ದಕ್ಷರಾಗಿದ್ದರೂ ಈ ಪುಸ್ತಕವನ್ನು ಆಧರಿಸಿಯೇ ಯೋಜನೆ ಸಿದ್ಧಪಡಿಸಬೇಕಾಗುತ್ತದೆ. ಬಾರದವರು ಯಾರು, ಏಕೆ ಬರಲಿಲ್ಲ ಎಂಬುದು ತಿಳಿದಿರುವುದು ಗ್ರಾಮದಲ್ಲಿ ವಾಸಿಸುವವರಿಗೆ ಮಾತ್ರ.

ಮಧುರೆ ಹೋಬಳಿಯನ್ನು ಒಳಗೊಂಡ ದೊಡ್ಡಬಳ್ಳಾಪುರ ತಾಲ್ಲೂಕಿನ ದುಡಿಮೆಯ ಕ್ರಮವನ್ನೇ ಉದಾಹರಣೆಯಾಗಿ ನೋಡಬಹುದು. ವ್ಯವಸಾಯ ಮತ್ತು ಹೈನುಗಾರಿಕೆಯ ಜೊತೆಗೆ ವಿದ್ಯುತ್ ಮಗ್ಗ, ಸಿದ್ಧ ಉಡುಪು ಘಟಕ ಹಾಗೂ ಬಾಶೆಟ್ಟಿಹಳ್ಳಿ ಸುತ್ತಲಿನ ಕಾರ್ಖಾನೆಗಳು ಇಲ್ಲಿನ ಕುಟುಂಬಗಳಿಗೆ ಆಧಾರ. 30 ವರ್ಷ ದಾಟಿದ ಎಲ್ಲರಿಗೂ ರಕ್ತದೊತ್ತಡ ಮತ್ತು ಮಧುಮೇಹದ ತಪಾಸಣೆ ನಡೆಯಬೇಕೆಂಬುದು ರಾಷ್ಟ್ರೀಯ ಕಾರ್ಯಕ್ರಮದ ಗುರಿ. ಆದರೆ ಬೆಳಿಗ್ಗೆ ಕಾರ್ಖಾನೆಯ ವಾಹನ ಹತ್ತಿ ಸಂಜೆ ಮರಳುವ ಮಹಿಳೆಗೆ ಹಗಲಿನ ತಪಾಸಣಾ ಶಿಬಿರದಿಂದ ಪ್ರಯೋಜನವಿಲ್ಲ. ಹೋಗಬೇಕೆಂದರೆ ಒಂದು ದಿನದ ಕೂಲಿ ಬಿಡಬೇಕು. ಸಕ್ಕರೆ ಕಾಯಿಲೆ ಇರುವುದು ಆಕೆಗೆ ತಿಳಿಯುವುದು ಕಾಲಿನ ಗಾಯ ಮಾಯದಿದ್ದಾಗ ಅಥವಾ ಕಣ್ಣು ಮಂಜಾದಾಗ. ಮನೆಮನೆಗೆ ಹೋಗುವ ಆಶಾ ಕಾರ್ಯಕರ್ತೆಗೂ ಬಾಗಿಲಿಗೆ ಬೀಗ ಕಾಣುತ್ತದೆ. ತಪಾಸಣೆಯನ್ನು ಭಾನುವಾರ ಅಥವಾ ಸಂಜೆ ಆರರ ನಂತರ ನಡೆಸಬೇಕು, ಸಿಬ್ಬಂದಿಗೆ ಬದಲಿ ರಜೆ ನೀಡಬೇಕು ಎಂಬ ನಿರ್ಣಯ ಗ್ರಾಮ ಸಮಿತಿಯಿಂದ ಬಂದರೆ ಅದಕ್ಕೆ ಪ್ರತ್ಯೇಕ ಅನುದಾನವೇನೂ ಬೇಕಾಗದು. ವೇಳಾಪಟ್ಟಿ ಬದಲಾಗುವುದೇ ಇಲ್ಲಿನ ಚಿಕಿತ್ಸೆ.

ಮಧುರೆಯ ಶನಿಮಹಾತ್ಮ ದೇವಾಲಯಕ್ಕೆ ಶನಿವಾರಗಳಂದು, ಅದರಲ್ಲೂ ಶ್ರಾವಣ ಮಾಸದಲ್ಲಿ, ಭಕ್ತರು ದೊಡ್ಡ ಸಂಖ್ಯೆಯಲ್ಲಿ ಬರುತ್ತಾರೆ. ಕುಡಿಯುವ ನೀರು, ಶೌಚಾಲಯ, ಬಯಲಿನಲ್ಲಿ ಮಾರುವ ಆಹಾರ, ಎಸೆದ ಎಲೆ ಮತ್ತು ಪ್ಲಾಸ್ಟಿಕ್ ಇವೆಲ್ಲ ಆ ದಿನದ ಆರೋಗ್ಯದ ಪ್ರಶ್ನೆಗಳು. ಜನಗಣತಿಯ ಲೆಕ್ಕದಿಂದ ನೈರ್ಮಲ್ಯದ ಅಗತ್ಯ ಅಳೆಯುವ ಯೋಜನೆಗೆ ಈ ಜನಸಂದಣಿ ಕಾಣಿಸುವುದಿಲ್ಲ. ಹೊರ ರಾಜ್ಯಗಳಿಂದ ಬಂದು ಶೆಡ್‌ಗಳಲ್ಲಿ ವಾಸಿಸುವ ಕಾರ್ಮಿಕ ಕುಟುಂಬಗಳೂ ಹಾಗೆಯೇ. ಅವರ ಮಕ್ಕಳ ಹೆಸರು ಅಂಗನವಾಡಿ ಪಟ್ಟಿಯಲ್ಲಿ ಇಲ್ಲದಿದ್ದರೆ ಲಸಿಕೆಯ ಪಟ್ಟಿಯಿಂದಲೂ ಜಾರಿಹೋಗುವ ಸಾಧ್ಯತೆ ಹೆಚ್ಚು.

ಇನ್ನೂ ಗಂಭೀರವಾದುದು ನೀರಿನ ಪ್ರಶ್ನೆ. ದೊಡ್ಡಬಳ್ಳಾಪುರ ನಗರದ ಒಳಚರಂಡಿ ನೀರು ಮತ್ತು ಕೈಗಾರಿಕಾ ತ್ಯಾಜ್ಯ ಚಿಕ್ಕತುಮಕೂರು ಹಾಗೂ ದೊಡ್ಡತುಮಕೂರು ಕೆರೆಗಳನ್ನು ಸೇರುತ್ತಿದೆ, ಅಂತರ್ಜಲ ಕೆಡುತ್ತಿದೆ ಎಂದು ಅರ್ಕಾವತಿ ಪಾತ್ರದ ಗ್ರಾಮಸ್ಥರು ವರ್ಷಗಳಿಂದ ಹೋರಾಟ ನಡೆಸುತ್ತಾ ಬಂದಿದ್ದಾರೆ. ಇಂತಹ ಸಂದರ್ಭದಲ್ಲಿ ವೈದ್ಯರ ಮುಂದೆ ಬರುವುದು ಒಬ್ಬೊಬ್ಬರದೇ ಚರ್ಮದ ತುರಿಕೆ, ಒಬ್ಬೊಬ್ಬರದೇ ಹೊಟ್ಟೆನೋವು. ಅವರು ಮುಲಾಮು ಕೊಡುತ್ತಾರೆ, ಮಾತ್ರೆ ಕೊಡುತ್ತಾರೆ. ಆ ಮನೆಗಳೆಲ್ಲ ಒಂದೇ ಕೊಳವೆಬಾವಿಯ ನೀರು ಬಳಸುತ್ತಿವೆಯೇ ಎಂದು ತಿಳಿಯಲು ನೀರುಗಂಟಿ, ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆಯರು ಒಂದೆಡೆ ಕುಳಿತು ಲೆಕ್ಕ ಹಾಕಬೇಕು. ಜಲ ಜೀವನ್ ಮಿಷನ್ ಅಡಿಯಲ್ಲಿ ನೀರಿನ ಕ್ಷೇತ್ರ ಪರೀಕ್ಷಾ ಕಿಟ್ ಬಳಸಲು ಪ್ರತಿ ಗ್ರಾಮದಲ್ಲಿ ಐವರು ಮಹಿಳೆಯರಿಗೆ ತರಬೇತಿ ನೀಡುವ ವ್ಯವಸ್ಥೆ ಇದೆ. ಅವರ ಪರೀಕ್ಷಾ ಫಲಿತಾಂಶ, ಪ್ರಯೋಗಾಲಯದ ವರದಿ, ಕಾಯಿಲೆಯಾದ ಮನೆಗಳ ಪಟ್ಟಿ ಈ ಮೂರನ್ನೂ ಒಂದೇ ನಡವಳಿಯಲ್ಲಿ ದಾಖಲಿಸಿದರೆ ಅದು ದೂರು ಎಂಬ ಹಂತ ದಾಟಿ ಸಾಕ್ಷ್ಯವಾಗುತ್ತದೆ. ತಾಲ್ಲೂಕು ಆರೋಗ್ಯಾಧಿಕಾರಿಗಳಿಗಾಗಲಿ, ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆಗಾಗಲಿ, ಮಾಲಿನ್ಯ ನಿಯಂತ್ರಣ ಮಂಡಳಿಗಾಗಲಿ ಬರೆಯುವ ಪತ್ರಕ್ಕೆ ಆಗ ತೂಕ ಬರುತ್ತದೆ. ಕಿಟ್‌ನಲ್ಲಿ ಕೆಲವು ಅಂಶಗಳ ಪ್ರಾಥಮಿಕ ಪರೀಕ್ಷೆ ಮಾತ್ರ ಸಾಧ್ಯ. ಕೈಗಾರಿಕಾ ತ್ಯಾಜ್ಯದ ಶಂಕೆ ಇದ್ದಲ್ಲಿ ಪ್ರಯೋಗಾಲಯದ ಪರೀಕ್ಷೆಯೇ ಆಗಬೇಕು ಎಂಬುದನ್ನು ಸದಸ್ಯರು ಗಮನಿಸಬೇಕು.

ಇಂತಹ ಪ್ರಯತ್ನ ಕರ್ನಾಟಕಕ್ಕೆ ಅಪರಿಚಿತವಲ್ಲ. 2007ರಲ್ಲಿ ಸಮುದಾಯ ಆಧಾರಿತ ಮೇಲ್ವಿಚಾರಣೆಯನ್ನು ಪ್ರಾಯೋಗಿಕವಾಗಿ ಒಂಬತ್ತು ರಾಜ್ಯಗಳಲ್ಲಿ ಆರಂಭಿಸಿದಾಗ ಕರ್ನಾಟಕವೂ ಅವುಗಳಲ್ಲಿ ಒಂದಾಗಿತ್ತು. ನೆರೆಯ ತುಮಕೂರು ಜಿಲ್ಲೆಯೂ ಆಯ್ಕೆಯಾಗಿತ್ತು. ಗ್ರಾಮಸ್ಥರು ತಮ್ಮೂರಿನ ತಾಯಿ ಮಕ್ಕಳ ಸೇವೆ, ಔಷಧ ಲಭ್ಯತೆ, ಸಿಬ್ಬಂದಿಯ ನಡವಳಿಕೆ ಮುಂತಾದ ಅಂಶಗಳಿಗೆ ಹಸಿರು, ಹಳದಿ, ಕೆಂಪು ಬಣ್ಣಗಳಲ್ಲಿ ಅಂಕಪಟ್ಟಿ ಸಿದ್ಧಪಡಿಸಿದರು. ಅದನ್ನು ಜನಸಂವಾದಗಳಲ್ಲಿ ಅಧಿಕಾರಿಗಳ ಮುಂದಿಡಲಾಯಿತು. ಅಕ್ಷರ ಬಾರದವರೂ ಓದಬಹುದಾದ ಪಟ್ಟಿ ಎಂಬುದೇ ಅದರ ಹೆಚ್ಚುಗಾರಿಕೆ. ಕೆಂಪು ಬಣ್ಣ ಬಿದ್ದಾಗ ಕೆಲವೆಡೆ ಸಿಬ್ಬಂದಿ ನೊಂದುಕೊಳ್ಳುವುದು ಸಹಜ. ಸಿಬ್ಬಂದಿಯ ಹುದ್ದೆ ಖಾಲಿ ಇರುವುದಕ್ಕೆ ಇದ್ದ ಒಬ್ಬ ಸಿಬ್ಬಂದಿಯನ್ನು ಹೊಣೆ ಮಾಡುವುದು ಯಾವ ಸಮಿತಿಗೂ ಶೋಭೆಯಲ್ಲ. ತಪ್ಪು ವ್ಯಕ್ತಿಯದೋ, ವ್ಯವಸ್ಥೆಯದೋ ಎಂಬುದನ್ನು ಬೇರ್ಪಡಿಸುವುದು ಅಧ್ಯಕ್ಷರ ಕೆಲಸ.

ಹೊರದೇಶಗಳಲ್ಲಿ ಬ್ರೆಜಿಲ್‌ನ ವ್ಯವಸ್ಥೆ ಗಮನಾರ್ಹವಾಗಿದೆ. ಅಲ್ಲಿ 1990ರ ಕಾನೂನಿನಂತೆ ಪ್ರತಿ ಪುರಸಭೆ ಮಟ್ಟದಲ್ಲಿ ಆರೋಗ್ಯ ಮಂಡಳಿ ಇದೆ. ಸ್ಥಾನಗಳಲ್ಲಿ ಅರ್ಧ ಸೇವೆ ಪಡೆಯುವ ಜನರಿಗೆ ಮೀಸಲು. ಉಳಿದ ಅರ್ಧವನ್ನು ಆರೋಗ್ಯ ಸಿಬ್ಬಂದಿ ಮತ್ತು ಸರ್ಕಾರ ಹಾಗೂ ಸೇವಾದಾರರು ಹಂಚಿಕೊಳ್ಳುತ್ತಾರೆ. ಮಂಡಳಿ ಇಲ್ಲದ ಪುರಸಭೆಗೆ ಕೇಂದ್ರದ ಆರೋಗ್ಯ ಅನುದಾನ ನೇರವಾಗಿ ದೊರೆಯದು. ಇಂಗ್ಲೆಂಡ್‌ನಲ್ಲಿ 1974ರಲ್ಲಿ ಸ್ಥಾಪನೆಯಾದ ಸಮುದಾಯ ಆರೋಗ್ಯ ಮಂಡಳಿಗಳು ಆಸ್ಪತ್ರೆಗಳನ್ನು ಭೇಟಿ ಮಾಡುತ್ತಿದ್ದವು, ಅಭಿಪ್ರಾಯ ನೀಡುತ್ತಿದ್ದವು. ಆದರೆ ಹಣದ ಮೇಲೆ ಹಿಡಿತವಿರಲಿಲ್ಲ. 2003ರಲ್ಲಿ ಅವನ್ನು ರದ್ದುಗೊಳಿಸಲಾಯಿತು. ಸಲಹೆಯು ಹಣ ಹಂಚುವ ಮೇಜಿಗೆ ತಲುಪುವ ದಾರಿ ಇರಬೇಕು ಎಂಬುದು ಈ ಎರಡು ದೇಶಗಳನ್ನು ಅಕ್ಕಪಕ್ಕ ಇಟ್ಟು ನೋಡಿದಾಗ ಕಾಣುವ ಸಂಗತಿ.

ಕರ್ನಾಟಕದಲ್ಲಿ ಆ ದಾರಿ ಕಾನೂನಿನಲ್ಲಿಯೇ ಇದೆ. ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ, 1993ರ ಪ್ರಕರಣ 61ರಂತೆ ಪ್ರತಿ ಗ್ರಾಮ ಪಂಚಾಯಿತಿಯಲ್ಲಿ ಉತ್ಪಾದನಾ ಸಮಿತಿ ಮತ್ತು ಸಾಮಾಜಿಕ ನ್ಯಾಯ ಸಮಿತಿಯೊಂದಿಗೆ ಸೌಕರ್ಯಗಳ ಸಮಿತಿ ಇದ್ದು, ಶಿಕ್ಷಣ, ಸಾರ್ವಜನಿಕ ಆರೋಗ್ಯ ಮತ್ತು ಕಾಮಗಾರಿಗಳು ಅದರ ವ್ಯಾಪ್ತಿಗೆ ಬರುತ್ತವೆ. ಗ್ರಾಮ ಆರೋಗ್ಯ ಸಮಿತಿಯ ನಿರ್ಣಯ ಸೌಕರ್ಯಗಳ ಸಮಿತಿಯ ಮುಂದೆ ಬಂದು, ಅಲ್ಲಿಂದ ಗ್ರಾಮ ಪಂಚಾಯಿತಿಯ ಸಾಮಾನ್ಯ ಸಭೆಯಲ್ಲಿ ಅಂಗೀಕಾರವಾದರೆ ಅದು ಪಂಚಾಯಿತಿಯ ನಿರ್ಣಯವೆನಿಸುತ್ತದೆ. ಚರಂಡಿ, ಕುಡಿಯುವ ನೀರು, ಸೊಳ್ಳೆ ಉತ್ಪತ್ತಿ ತಾಣಗಳ ನಿರ್ಮೂಲನೆ ಇಂತಹವನ್ನು ಪಂಚಾಯಿತಿ ತನ್ನ ಅನುದಾನದಲ್ಲಿಯೇ ಕೈಗೊಳ್ಳಬಹುದು. 15ನೇ ಹಣಕಾಸು ಆಯೋಗದ 2021-26ರ ಅನುದಾನದಲ್ಲಿ ಶೇ. 60ರಷ್ಟು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ನಿಗದಿಯಾಗಿದ್ದುದನ್ನು ಸದಸ್ಯರು ಬಲ್ಲರು. ವೈದ್ಯರ ಹುದ್ದೆ, ಔಷಧ ಪೂರೈಕೆ, ಆಂಬುಲೆನ್ಸ್ ಇಂತಹ ವಿಷಯಗಳು ತಾಲ್ಲೂಕು ಆರೋಗ್ಯಾಧಿಕಾರಿಗಳ ಮೂಲಕ ಜಿಲ್ಲಾ ಮಟ್ಟಕ್ಕೆ ಹೋಗಬೇಕು.

ಇಲ್ಲಿ ಸಮಯ ಮುಖ್ಯ. ಗ್ರಾಮ ಪಂಚಾಯಿತಿ ಅಭಿವೃದ್ಧಿ ಯೋಜನೆ ಸಿದ್ಧಪಡಿಸುವ ಜನ ಯೋಜನೆ ಅಭಿಯಾನ ಸಾಮಾನ್ಯವಾಗಿ ಅಕ್ಟೋಬರ್ 2ರಂದು ಆರಂಭವಾಗುತ್ತದೆ. ಆರೋಗ್ಯ ಇಲಾಖೆಯ ಜಿಲ್ಲಾ ಕ್ರಿಯಾ ಯೋಜನೆಯೂ ಮುಂದಿನ ಆರ್ಥಿಕ ವರ್ಷಕ್ಕೆ ಮೊದಲೇ ರೂಪುಗೊಳ್ಳುತ್ತದೆ. ಮಾರ್ಚ್ ತಿಂಗಳಿನಲ್ಲಿ ಕೈಗೊಂಡ ಉತ್ತಮ ನಿರ್ಣಯಕ್ಕಿಂತ ಸೆಪ್ಟೆಂಬರ್‌ನಲ್ಲಿ ಕೈಗೊಂಡ ಸಾಧಾರಣ ನಿರ್ಣಯ ಹೆಚ್ಚು ಫಲ ನೀಡುತ್ತದೆ ಎಂದರೆ ಅತಿಶಯೋಕ್ತಿಯಲ್ಲ.

ನಿರ್ಣಯದ ಭಾಷೆಯ ಬಗ್ಗೆಯೂ ಒಂದು ಮಾತು ಅಗತ್ಯ. "ಗ್ರಾಮದಲ್ಲಿ ಆರೋಗ್ಯ ಸೌಲಭ್ಯ ಉತ್ತಮಪಡಿಸಲು ಕೋರಲಾಯಿತು" ಎಂದು ಬರೆದರೆ ಮೇಲಿನ ಕಚೇರಿ ಉತ್ತರಿಸುವುದೂ ಅದೇ ಧಾಟಿಯಲ್ಲಿ. ಯಾವ ಬೀದಿ, ಎಷ್ಟು ಮನೆ, ಯಾವ ದಿನಾಂಕದಿಂದ, ಯಾರು ಏನು ಮಾಡಬೇಕು, ಯಾವ ದಿನಾಂಕದೊಳಗೆ ಎಂಬುದು ನಡವಳಿಯಲ್ಲಿರಬೇಕು. ಮುಂದಿನ ಸಭೆಯ ಮೊದಲ ವಿಷಯವಾಗಿ ಹಿಂದಿನ ನಿರ್ಣಯಗಳ ಅನುಪಾಲನಾ ವರದಿ ಓದಬೇಕು. ಉತ್ತರ ಬಾರದಿದ್ದರೆ "ಉತ್ತರ ಬಂದಿರುವುದಿಲ್ಲ" ಎಂದೇ ದಾಖಲಿಸಬೇಕು.

ಮುಕ್ತ ನಿಧಿಯ ಬಳಕೆಯಲ್ಲಿ ಕೆಲವು ಎಚ್ಚರಿಕೆಗಳಿವೆ. ಪಂಚಾಯಿತಿ ಅಥವಾ ಬೇರೆ ಇಲಾಖೆಯ ಅನುದಾನ ಲಭ್ಯವಿರುವ ಕಾಮಗಾರಿಗೆ ಈ ಹಣ ಬಳಸಬಾರದು. ಖರ್ಚು ಸಮಿತಿಯ ತೀರ್ಮಾನದಂತೆ ಆಗಬೇಕು. ಆಶಾ ಕಾರ್ಯಕರ್ತೆಯೊಬ್ಬರಿಂದ ಚೆಕ್‌ಗೆ ಸಹಿ ಪಡೆದು ಉಳಿದುದನ್ನು ಬೇರೆಯವರು ನಿರ್ವಹಿಸುವುದು ಸರಿಯಲ್ಲ, ಲೆಕ್ಕಪರಿಶೋಧನೆಯಲ್ಲಿ ಉತ್ತರಿಸಬೇಕಾದವರು ಆಕೆಯೇ. ನಿರ್ಗತಿಕ ಮಹಿಳೆಗೆ ತುರ್ತಾಗಿ ವಾಹನ ಬೇಕಾದ ಸಂದರ್ಭದಲ್ಲಿ ಹಣ ಖಾತೆಯಲ್ಲಿ ಉಳಿದಿರಬೇಕಾದುದರಿಂದ ಇಡೀ ಮೊತ್ತವನ್ನು ಒಂದೇ ಕಂತಿನಲ್ಲಿ ಮುಗಿಸದಿರುವುದು ಒಳಿತು.

ಕೋವಿಡ್ ಕಾಲದಲ್ಲಿ ಗ್ರಾಮ ಪಂಚಾಯಿತಿ ಕಾರ್ಯಪಡೆಗಳು ಕೆಲಸ ಮಾಡಿದ್ದು, ನಂತರ ಗ್ರಾಮ ಪಂಚಾಯಿತಿ ಆರೋಗ್ಯ ಅಮೃತ ಅಭಿಯಾನದಡಿ ತಪಾಸಣಾ ಕಿಟ್‌ಗಳು ಪಂಚಾಯಿತಿಗಳಿಗೆ ಬಂದದ್ದು ಸದಸ್ಯರಿಗೆ ನೆನಪಿರಬಹುದು. ರಕ್ತದೊತ್ತಡ ಅಳೆಯುವ ಯಂತ್ರ ಬೀರುವಿನಲ್ಲಿದ್ದರೆ ಅದರ ಬ್ಯಾಟರಿ ಸರಿಯಿದೆಯೇ, ಸಕ್ಕರೆ ಪರೀಕ್ಷೆಯ ಪಟ್ಟಿಗಳ ಅವಧಿ ಮುಗಿದಿದೆಯೇ ಎಂದು ಮುಂದಿನ ಸಭೆಗೆ ಮೊದಲು ನೋಡಿಸುವುದು ಸೂಕ್ತ. ಸಭೆಯ ದಿನವನ್ನು ಅಂಗನವಾಡಿಯಲ್ಲಿ ತಿಂಗಳಿಗೊಮ್ಮೆ ನಡೆಯುವ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ದಿನಕ್ಕೆ ಹೊಂದಿಸಿದರೆ ತಾಯಂದಿರು, ಆಶಾ, ಅಂಗನವಾಡಿ ಕಾರ್ಯಕರ್ತೆ ಮತ್ತು ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿ ಒಂದೇ ಕಡೆ ಸಿಗುತ್ತಾರೆ. ಕಾರ್ಖಾನೆಗೆ ಹೋಗುವವರ ಮಾತು ಬೇಕಿದ್ದರೆ ವರ್ಷದಲ್ಲಿ ಎರಡು ಸಭೆಗಳನ್ನಾದರೂ ಭಾನುವಾರ ಕರೆಯಬೇಕಾಗುತ್ತದೆ.