ಸೋಲಾರ್‌ಗೆ ಸಾವಿರಾರು ಎಕರೆ: ಹಕ್ಕು ಯಾರದ್ದು, ಬಳಕೆ ಏನು? ಲೆಕ್ಕ ನೋಡುವುದು ಹೀಗೆ

ಪಾವಗಡ: ನಾಗಲಮಡಿಕೆ ಹೋಬಳಿಯ ತಿರುಮಣಿ ಕಡೆ ಹೋದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಕಡಲೆಕಾಯಿ ಹಾಕುತ್ತಿದ್ದ ಹೊಲಗಳಲ್ಲಿ ಈಗ ಕಣ್ಣು ಹಾಯಿಸಿದಷ್ಟು ದೂರ ಸೋಲಾರ್ ಪ್ಯಾನೆಲ್. ತಿರುಮಣಿ, ಬಳಸಮುದ್ರ, ವಳ್ಳೂರು, ಕ್ಯಾತಗಾನಚೆರ್ಲು, ರಾಯಚೆರ್ಲು ಗ್ರಾಮಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ ಘಟಕಗಳಿವೆ. 2018ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಈ ಪಾರ್ಕ್ 2019ರ ಕೊನೆ ಹೊತ್ತಿಗೆ ಪೂರ್ತಿ ಕೆಲಸ ಶುರು ಮಾಡಿತು.

ಇನ್ನಷ್ಟು ಜಮೀನು ಸೇರಿಸಿ ಪಾರ್ಕ್ ವಿಸ್ತರಿಸುವ ಮಾತೂ ಆಗಾಗ ಕೇಳಿಬರುತ್ತಿದೆ. "ಕೊಡೋಣವಾ, ಬೇಡವಾ?" ಅಂತ ಹಳ್ಳಿಕಟ್ಟೆಗಳಲ್ಲಿ ಚರ್ಚೆ ನಡೆಯುವಾಗ ಎಕರೆಗೆ ಎಷ್ಟು ಕೊಡ್ತಾರೆ ಎಂಬುದೊಂದೇ ಮುಂದೆ ಬರುತ್ತದೆ. ಆದರೆ ಇಷ್ಟು ದೊಡ್ಡ ಪ್ರಮಾಣದ ಜಮೀನಿನ ಲೆಕ್ಕ ನೋಡುವಾಗ ಕೇಳಬೇಕಾದ ಪ್ರಶ್ನೆ ಎರಡು. ಆ ನೆಲದ ಮೇಲೆ ಯಾರ್ಯಾರಿಗೆ ಹಕ್ಕಿದೆ? ಅದು ಯಾವುದಕ್ಕೆ ಬಳಕೆಯಾಗ್ತಿದೆ?

ಮಾರಾಟ ಅಲ್ಲ, ಗುತ್ತಿಗೆ

ಇಲ್ಲಿ ಖಾಸಗಿ ಜಮೀನನ್ನು ಸರ್ಕಾರ ಸ್ವಾಧೀನ ಮಾಡಿಕೊಂಡಿಲ್ಲ. ಕರ್ನಾಟಕ ಸೋಲಾರ್ ಪವರ್ ಡೆವಲಪ್‌ಮೆಂಟ್ ಕಾರ್ಪೊರೇಷನ್ ರೈತರಿಂದ 28 ವರ್ಷದ ಗುತ್ತಿಗೆಗೆ ಪಡೆದು, ಅಭಿವೃದ್ಧಿಪಡಿಸಿ, ಕಂಪನಿಗಳಿಗೆ ಕೊಟ್ಟಿದೆ. ಕೇಂದ್ರದ ಸೋಲಾರ್ ನಿಗಮ ಮತ್ತು ರಾಜ್ಯದ ನವೀಕರಿಸಬಹುದಾದ ಇಂಧನ ನಿಗಮ ಸೇರಿ 2015ರಲ್ಲಿ ಕಟ್ಟಿದ ಸಂಸ್ಥೆ ಇದು. ಮೊದಲಿಗೆ ನಿಗದಿಯಾದ ಬಾಡಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ 5 ಏರಿಕೆ.

ಮಳೆ ಕೈಕೊಡುವ ತಾಲ್ಲೂಕಿನಲ್ಲಿ ಇದು ಸಣ್ಣ ಮಾತಲ್ಲ. ಜಮೀನು ರೈತರ ಹೆಸರಿನಲ್ಲೇ ಉಳಿಯಿತು, ವರ್ಷಕ್ಕೊಮ್ಮೆ ಹಣ ಬರುವಂತಾಯಿತು. ದೇಶದ ಬೇರೆ ಕಡೆ ಈ ಪದ್ಧತಿಯನ್ನು ಮಾದರಿ ಅಂತ ಹೊಗಳುವುದು ಇದಕ್ಕೇ.

ಆದರೆ ಗುತ್ತಿಗೆಯಾದ್ದರಿಂದಲೇ ಒಂದು ತಪಾಸಣೆ ತಪ್ಪಿಹೋಯಿತು. ಕೇಂದ್ರದ 2013ರ ಭೂಸ್ವಾಧೀನ ಕಾಯ್ದೆಯಡಿ ಜಮೀನು ಪಡೆದರೆ ಮಾಲೀಕರಷ್ಟೇ ಅಲ್ಲ, ಮೂರು ವರ್ಷದಿಂದ ಆ ನೆಲವನ್ನೇ ನಂಬಿ ಬದುಕಿದ ಕೂಲಿಕಾರರು, ವಾರಕ್ಕೆ ಮಾಡುವವರು ಕೂಡ 'ಬಾಧಿತ ಕುಟುಂಬ'ದ ಲೆಕ್ಕಕ್ಕೆ ಬರುತ್ತಾರೆ. ಒಪ್ಪಿಗೆಯ ಗುತ್ತಿಗೆಗೆ ಆ ನಿಯಮ ಅನ್ವಯಿಸುವುದಿಲ್ಲ. ಸೋಲಾರ್ ಪ್ಯಾನೆಲ್ ಯೋಜನೆಗಳಿಗೆ ಪರಿಸರ ಅನುಮತಿಯಿಂದಲೂ ವಿನಾಯಿತಿ ಇದೆ. ಹಾಗಾಗಿ ಲೆಕ್ಕ ಕೇಳುವ ಕೆಲಸ ಬಹುಮಟ್ಟಿಗೆ ಊರಿನವರ ತಲೆಗೇ ಬರುತ್ತದೆ.

ಮೊದಲ ಪ್ರಶ್ನೆ: ಹಕ್ಕು ಯಾರದ್ದು?

ಶುರು ಮಾಡಬೇಕಾದ್ದು ಪಹಣಿಯಿಂದ. 9ನೇ ಕಾಲಂನಲ್ಲಿ ಮಾಲೀಕರ ಹೆಸರು, 10ರಲ್ಲಿ ಅದು ಬಂದ ಬಗೆ, 11ರಲ್ಲಿ ಸಾಲ ಮತ್ತಿತರ ಹಕ್ಕು-ಋಣ, 12ರಲ್ಲಿ ಸಾಗುವಳಿ ಮಾಡುವವರು ಮತ್ತು ಬೆಳೆ. ಒಂದು ವರ್ಷ ಮೀರಿದ ಗುತ್ತಿಗೆ ನೋಂದಣಿ ಆಗಲೇಬೇಕು. ಅದು ಉಪನೋಂದಣಾಧಿಕಾರಿ ಕಚೇರಿಯ ಇಸಿಯಲ್ಲಿ ಕಾಣಬೇಕು. ಪಹಣಿ, ಇಸಿ, ಗುತ್ತಿಗೆ ಕರಾರು ಮೂರನ್ನೂ ಪಕ್ಕ ಪಕ್ಕ ಇಟ್ಟು ಸರ್ವೆ ನಂಬರ್, ವಿಸ್ತೀರ್ಣ, ಹೆಸರು ಒಂದಕ್ಕೊಂದು ತಾಳೆಯಾಗುತ್ತವಾ ಅಂತ ನೋಡಿದರೆ ಅರ್ಧ ತಪಾಸಣೆ ಮುಗಿದಂತೆ.

ತೊಂದರೆ ಸಿಕ್ಕಿಹಾಕಿಕೊಳ್ಳುವುದು ಸಾಮಾನ್ಯವಾಗಿ ಈ ಕಡೆಗಳಲ್ಲಿ:

* ತಾತನ ಹೆಸರಿನಲ್ಲೇ ಉಳಿದ ಪಹಣಿ. ಪೌತಿ ಖಾತೆ ಆಗದಿದ್ದರೆ ಬಾಡಿಗೆ ಯಾರ ಕೈಗೆ ಎಂಬ ಜಗಳ ಖಚಿತ. 2005ರ ತಿದ್ದುಪಡಿ ನಂತರ ಹಿಂದೂ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು. ಅವರನ್ನು ಬಿಟ್ಟು ಮಾಡಿದ ಕರಾರು ನಾಳೆ ಕೋರ್ಟು ಮೆಟ್ಟಿಲೇರಬಹುದು.

* ಜಂಟಿ ಪಹಣಿ. ಪೋಡಿಯಾಗದೆ ನಾಲ್ಕಾರು ಹೆಸರು ಒಂದೇ ಕಡೆ ಇದ್ದರೆ ಯಾರ ಎಷ್ಟು ಗುಂಟೆ ಬೇಲಿಯೊಳಗೆ ಹೋಯಿತು ಅಂತ ಹೇಳುವುದು ಕಷ್ಟ.

* ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನು. 1978ರ ಪಿಟಿಸಿಎಲ್ ಕಾಯ್ದೆಯಲ್ಲಿ 'ಪರಭಾರೆ' ಎಂದರೆ ಮಾರಾಟ ಮಾತ್ರ ಅಲ್ಲ, ಗುತ್ತಿಗೆಯೂ ಸೇರುತ್ತದೆ. ಸರ್ಕಾರದ ಪೂರ್ವಾನುಮತಿ ಇದೆಯಾ ಅಂತ ನೋಡಲೇಬೇಕು.

ಪಹಣಿಯಲ್ಲಿ ಇಲ್ಲದವರು

ಕಾಗದ ಎಲ್ಲ ಸರಿಯಿದ್ದರೂ ತಪಾಸಣೆ ಪೂರ್ತಿ ಆಗುವುದಿಲ್ಲ. ಕಾರಣ ಸರಳ. ರಾಜ್ಯದ ಭೂಸುಧಾರಣಾ ಕಾಯ್ದೆಗೆ ಬಂದ ತಿದ್ದುಪಡಿ 1974ರ ಮಾರ್ಚ್ 1ರಿಂದ ಗೇಣಿ ಪದ್ಧತಿಯನ್ನು ರದ್ದು ಮಾಡಿತು. ಆದರೆ ಬಾಯಿಮಾತಿನ ಗುತ್ತಿಗೆ, ವಾರಕ್ಕೆ ಮಾಡುವುದು ನಿಲ್ಲಲಿಲ್ಲ. ಕಾನೂನಿನಲ್ಲಿ ಇಲ್ಲದ್ದು ದಾಖಲೆಯಲ್ಲಿ ಬರುವುದಾದರೂ ಹೇಗೆ? ಹೊಲ ಉಳುತ್ತಿದ್ದವನ ಹೆಸರು ಎಲ್ಲೂ ಇಲ್ಲ, ಬಾಡಿಗೆ ಮಾಲೀಕನ ಖಾತೆಗೆ.

ಸರ್ಕಾರಿ ಜಮೀನಿನಲ್ಲಿ ಬಗರ್‌ಹುಕುಂ ಸಾಗುವಳಿ ಮಾಡಿ ಫಾರಂ 50, 53 ಅಥವಾ 57 ಹಾಕಿ ಕಾಯುತ್ತಿರುವವರದ್ದೂ ಇದೇ ಕಥೆ. ಅರ್ಜಿ ಇತ್ಯರ್ಥವಾಗುವ ಮೊದಲೇ ಆ ಸರ್ವೆ ನಂಬರ್ ಯೋಜನೆಗೆ ಹೋದರೆ ಅವರ ಕೈಯಲ್ಲಿ ಉಳಿಯುವುದು ಅರ್ಜಿಯ ರಸೀತಿ ಮಾತ್ರ.

ಗೋಮಾಳದ್ದು ಇನ್ನೊಂದು ಲೆಕ್ಕ. ಭೂಕಂದಾಯ ನಿಯಮಗಳ ಪ್ರಕಾರ ಊರಿನ ಪ್ರತಿ 100 ಜಾನುವಾರಿಗೆ 12 ಹೆಕ್ಟೇರ್, ಅಂದರೆ ಸುಮಾರು 30 ಎಕರೆ ಮೇವಿಗೆ ಮೀಸಲಿರಬೇಕು. ಬಂಡಿದಾರಿ, ಹಳ್ಳ, ಕೆರೆಯಂಗಳ ಬಿ ಖರಾಬಿಗೆ ಸೇರುತ್ತವೆ. ಅವು ಸಾರ್ವಜನಿಕರದ್ದು, ಬೇಲಿ ಹಾಕುವಂತಿಲ್ಲ.

ಕೂಲಿ ಹೋಯಿತು, ಕುರಿ ಮೇಯಿಸಲು ಜಾಗ ಇಲ್ಲ ಎಂಬ ದೂರು ಪಾರ್ಕ್ ಬಂದ ಮೊದಲ ವರ್ಷಗಳಿಂದಲೂ ಇದೆ. 2012ರಲ್ಲಿ ವಿಶ್ವಸಂಸ್ಥೆಯ ಆಹಾರ ಭದ್ರತಾ ಸಮಿತಿ ಒಪ್ಪಿದ ಭೂಹಕ್ಕು ಮಾರ್ಗಸೂಚಿ ಹೇಳುವುದೂ ಇದನ್ನೇ: ದೊಡ್ಡ ಹೂಡಿಕೆ ಬರುವಾಗ ದಾಖಲೆಯಲ್ಲಿ ಇಲ್ಲದ, ಆದರೆ ನ್ಯಾಯವಾದ ಹಕ್ಕನ್ನೂ ಗುರುತಿಸಬೇಕು.

ಎರಡನೇ ಪ್ರಶ್ನೆ: ಬಳಕೆ ಏನು?

ಪಡೆದ ಜಮೀನು ಹೇಳಿದ ಕೆಲಸಕ್ಕೇ ಬಳಕೆಯಾಗುತ್ತದೆ ಅಂತ ನಂಬಿ ಕೂರುವ ಹಾಗಿಲ್ಲ. ವಿಶೇಷ ಆರ್ಥಿಕ ವಲಯಗಳ ಬಗ್ಗೆ ಸಿಎಜಿ 2014ರಲ್ಲಿ ಕೊಟ್ಟ ವರದಿ ಇದಕ್ಕೆ ಸಾಕ್ಷಿ. ದೇಶದಲ್ಲಿ ಅಧಿಸೂಚನೆಯಾದ 45,635 ಹೆಕ್ಟೇರ್‌ನಲ್ಲಿ ಕೆಲಸ ಶುರುವಾಗಿದ್ದು 28,488 ಹೆಕ್ಟೇರ್‌ನಲ್ಲಿ, ಅಂದರೆ ಶೇ 62ರಷ್ಟರಲ್ಲಿ ಮಾತ್ರ. ಕರ್ನಾಟಕವೂ ಸೇರಿ ಆರು ರಾಜ್ಯಗಳಲ್ಲಿ 5,402 ಹೆಕ್ಟೇರನ್ನು ವಲಯದಿಂದ ಕೈಬಿಟ್ಟು ಬೇರೆ ವಾಣಿಜ್ಯ ಉದ್ದೇಶಕ್ಕೆ ತಿರುಗಿಸಲಾಗಿತ್ತು.

ಪಾವಗಡದಲ್ಲಿ ವಿದ್ಯುತ್ ಉತ್ಪಾದನೆಯಂತೂ ನಡೆಯುತ್ತಿದೆ. ಹಾಗಾಗಿ ಇಲ್ಲಿ ನೋಡಬೇಕಾದ್ದು ಗಡಿ ಮತ್ತು ಹಣ. ಗಡಿ ನೋಡಲು ಮೊಬೈಲ್‌ನಲ್ಲಿ ದಿಶಾಂಕ್ ಆ್ಯಪ್ ಸಾಕು. ನಿಂತ ಜಾಗದ ಸರ್ವೆ ನಂಬರ್ ತೋರಿಸುತ್ತದೆ. ಬೇಲಿ ಗುತ್ತಿಗೆಯ ನಂಬರ್‌ನಲ್ಲೇ ಇದೆಯಾ, ಪಕ್ಕದ ಖರಾಬಿಗೆ ಬಂದಿದೆಯಾ ಅಂತ ಮೇಲ್ನೋಟಕ್ಕೆ ಗೊತ್ತಾಗುತ್ತದೆ. ಖಚಿತ ಆಗಬೇಕೆಂದರೆ ಸರ್ವೆಯವರಿಂದ ಹದ್ದುಬಸ್ತು ಮಾಡಿಸಬೇಕು. ಗೂಗಲ್ ಅರ್ತ್‌ನಲ್ಲಿ ಹಳೇ ವರ್ಷಗಳ ಚಿತ್ರ ತೆಗೆದು ನೋಡಿದರೆ ಮೊದಲು ಹಳ್ಳ, ದಾರಿ ಎಲ್ಲಿತ್ತು ಎಂಬುದೂ ಕಾಣುತ್ತದೆ.

ಇನ್ನು ಹಣ. ಎರಡು ವರ್ಷಕ್ಕೆ ಶೇ 5 ಅಂದರೆ ವರ್ಷಕ್ಕೆ ಶೇ 2.5ರಷ್ಟು. ಏರಿಕೆ ಹಿಂದಿನ ಮೊತ್ತದ ಮೇಲೇ ಕೂಡುತ್ತಾ ಹೋದರೆ 21,000 ರೂಪಾಯಿ 27ನೇ ವರ್ಷಕ್ಕೆ ಸುಮಾರು 39,600 ಆಗುತ್ತದೆ. ಬೆಲೆ ಏರಿಕೆ ರಿಸರ್ವ್ ಬ್ಯಾಂಕಿನ ಗುರಿಯಂತೆ ವರ್ಷಕ್ಕೆ ಶೇ 4 ಇದ್ದರೂ, ಇವತ್ತಿನ 21,000ಕ್ಕೆ ಬರುವ ಸಾಮಾನಿಗೆ ಆಗ ಸುಮಾರು 58,200 ಬೇಕು. ಕಾಗದದ ಮೇಲೆ ಬಾಡಿಗೆ ಏರುತ್ತದೆ, ಸಂತೆಯಲ್ಲಿ ಇಳಿಯುತ್ತದೆ.

ಅಂಗಡಿಯವರಿಗೂ ಸಂಬಂಧ ಇದೆ

ಬಾಡಿಗೆ ಹಣ ವರ್ಷಕ್ಕೊಮ್ಮೆ ಗಂಟಾಗಿ ಬರುತ್ತದೆ. ಹತ್ತು ಎಕರೆ ಕೊಟ್ಟವರು ಮನೆ ಕಟ್ಟಬಹುದು, ಗಾಡಿ ತೆಗೆದುಕೊಳ್ಳಬಹುದು. ಕೂಲಿ ಹಣ ಹಾಗಲ್ಲ, ವಾರ ವಾರ ಬಂದು ಅಕ್ಕಿ, ಎಣ್ಣೆ, ಸೋಪಿಗೆ ಖರ್ಚಾಗುತ್ತದೆ. ಬಿತ್ತನೆ ನಿಂತರೆ ಬೀಜ, ಗೊಬ್ಬರ, ನೇಗಿಲು ರಿಪೇರಿ ವ್ಯಾಪಾರವೂ ನಿಲ್ಲುತ್ತದೆ. ಯಾರ ಕೈಗೆ ಹಣ ಹೋಯಿತು, ಯಾರ ಕೈ ಬರಿದಾಯಿತು ಎಂಬುದು ಕೊನೆಗೆ ಕಿರಾಣಿ ಅಂಗಡಿಯ ಉದ್ರಿ ಪುಸ್ತಕದಲ್ಲಿ ಗೊತ್ತಾಗುತ್ತದೆ.

ಸಹಿ ಹಾಕುವ ಮೊದಲು

1. ಚಾಲ್ತಿ ಪಹಣಿ, ಮ್ಯುಟೇಷನ್, ಇಸಿ ತೆಗೆಸಿ. ಪೌತಿ ಖಾತೆ, ಪೋಡಿ ಬಾಕಿ ಇದ್ದರೆ ಮೊದಲು ಅದನ್ನು ಮುಗಿಸಿ.

2. ಕರಾರಿನಲ್ಲಿ ಮೂರು ವಿಷಯ ಓದಿಸಿಕೊಳ್ಳಿ: ಬಾಡಿಗೆ ಏರಿಕೆ ಹೇಗೆ, ತಡವಾದರೆ ಬಡ್ಡಿ ಇದೆಯಾ, ಅವಧಿ ಮುಗಿದ ಮೇಲೆ ಕಂಬ-ಕಾಂಕ್ರೀಟ್ ತೆಗೆದು ಹೊಲ ಮೊದಲಿನಂತೆ ಮಾಡಿಕೊಡುವವರು ಯಾರು.

3. ಯೋಜನೆಗೆ ಹೋಗುವ ಗೋಮಾಳ, ಖರಾಬು, ಸರ್ಕಾರಿ ಸರ್ವೆ ನಂಬರ್‌ಗಳ ಪಟ್ಟಿಯನ್ನು ತಹಶೀಲ್ದಾರ್ ಕಚೇರಿಯಿಂದ ಮಾಹಿತಿ ಹಕ್ಕಿನಲ್ಲಿ ಕೇಳಬಹುದು. ಶುಲ್ಕ 10 ರೂಪಾಯಿ, ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. 30 ದಿನದಲ್ಲಿ ಉತ್ತರ ಕೊಡಬೇಕು.

4. ಗ್ರಾಮಸಭೆಯಲ್ಲಿ ಇನ್ನೊಂದು ಪಟ್ಟಿ ಬರೆಸಿ: ಪಹಣಿ ಇಲ್ಲದ ಕೂಲಿಕಾರರು, ವಾರಕ್ಕೆ ಮಾಡುವವರು, ಕುರಿಗಾಹಿಗಳು, ಬಗರ್‌ಹುಕುಂ ಅರ್ಜಿದಾರರು. ನಡಾವಳಿಯಲ್ಲಿ ಹೆಸರು ದಾಖಲಾಗಲಿ.

ನಾಲ್ಕರಲ್ಲಿ ಕೊನೆಯದ್ದೇ ಮುಖ್ಯ. ಜಮೀನು ಇದ್ದವರ ಲೆಕ್ಕವನ್ನು ತಾಲ್ಲೂಕು ಕಚೇರಿ ಹೇಗೋ ಇಟ್ಟುಕೊಂಡಿರುತ್ತದೆ. ಇಲ್ಲದವರ ಲೆಕ್ಕ ಇಡುವುದು ಊರಿಗೆ ಬಿಟ್ಟದ್ದು. ಬೇಲಿ ಬಿದ್ದ ಮೇಲೆ ಆ ಪಟ್ಟಿ ಬರೆಯಲು ಹೊರಟರೆ ಅರ್ಧ ಜನ ಕೂಲಿ ಹುಡುಕಿಕೊಂಡು ಊರು ಬಿಟ್ಟಿರಬಹುದು.