ಸಿಗ್ನಲ್ಲಿಗೆ ಕಿವಿ ಬಂದಾಗ

ಸಿದ್ದಾಪುರ ಪೇಟೆಯಲ್ಲಿ ಬೆಳಗ್ಗೆ ಎಂಟರ ಹೊತ್ತು. ಅಮ್ಮತ್ತಿ ಕಡೆಯಿಂದ ಬಸ್ಸು ಬಂತು. ಕಾವೇರಿ ಸೇತುವೆ ದಾಟಿ ನೆಲ್ಯಹುದಿಕೇರಿ ಕಡೆಯಿಂದ ತೋಟದ ಕೆಲಸದವರನ್ನು ತುಂಬಿಕೊಂಡ ಜೀಪೂ ಬಂತು. ಜೀಪಿನವನು ಲೈಟು ಮಿಟುಕಿಸಿದ. ಬಸ್ಸಿನ ಡ್ರೈವರ್ ಕಿಟಕಿಯಿಂದ ಕೈ ಚಾಚಿ ‘ಹೋಗು’ ಎಂದ. ಅಷ್ಟರಲ್ಲಿ ಬುತ್ತಿಚೀಲ ಹಿಡಿದ ಹೆಂಗಸೊಬ್ಬಳು ರಸ್ತೆಗೆ ಕಾಲಿಟ್ಟಳು. ಇಬ್ಬರೂ ನಿಂತರು. ಅವಳು ದಾಟಿದ ಮೇಲೆ ಜೀಪು, ಅದರ ಹಿಂದೆ ಬಸ್ಸು. ಕೆಲವೇ ಸೆಕೆಂಡುಗಳ ಈ ಮಾತುಕತೆಯನ್ನು ಯಂತ್ರಕ್ಕೆ ಕಲಿಸಲು ಸಂಚಾರ ವಿಜ್ಞಾನಿಗಳು ವರ್ಷಗಟ್ಟಲೆ ದುಡಿಯುತ್ತಿದ್ದಾರೆ.

ಹಳೆಯ ಸಿಗ್ನಲ್ ಬರೀ ಗಡಿಯಾರ. ಒಂದು ರಸ್ತೆ ಖಾಲಿ ಬಿದ್ದಿದ್ದರೂ ಅದರ ಪಾಲಿನ ಹಸಿರನ್ನು ಕೊಟ್ಟೇ ತೀರುತ್ತದೆ. ಪಕ್ಕದ ರಸ್ತೆಯವರು ಸುಮ್ಮನೆ ಕಾಯುತ್ತಾರೆ. ಬೆಂಗಳೂರಿನಲ್ಲಿ ಈ ಗಡಿಯಾರಕ್ಕೆ ಕಣ್ಣು ಬಂದಿದೆ. 165 ಜಂಕ್ಷನ್‌ಗಳಿಗೆಂದು ರೂಪಿಸಿದ ಯೋಜನೆಯಲ್ಲಿ ಕ್ಯಾಮೆರಾಗಳು ವಾಹನಗಳ ಸಾಲನ್ನು ನೋಡುತ್ತವೆ, ಸಿ-ಡ್ಯಾಕ್ ಸಂಸ್ಥೆಯ ತಂತ್ರಾಂಶ ಹಸಿರಿನ ಹೊತ್ತನ್ನು ಹಿಗ್ಗಿಸುತ್ತದೆ, ಕುಗ್ಗಿಸುತ್ತದೆ.

ಮುಂದಿನ ಹೆಜ್ಜೆ, ಕಿವಿ ಮತ್ತು ಬಾಯಿ. ಕನೆಕ್ಟೆಡ್ ವಾಹನ ತಾನೆಲ್ಲಿದ್ದೇನೆ, ಎಷ್ಟು ವೇಗದಲ್ಲಿದ್ದೇನೆ ಎಂಬುದನ್ನು ಸೆಕೆಂಡಿಗೆ ಸುಮಾರು 10 ಸಲ ರೇಡಿಯೊ ಮೂಲಕ ಸಾರುತ್ತದೆ. ಸಿಗ್ನಲ್ ತಿರುಗಿ ಹೇಳುತ್ತದೆ: ‘ಇನ್ನು 24 ಸೆಕೆಂಡಿಗೆ ನಿನಗೆ ಹಸಿರು’. ಕಾರು 200 ಮೀಟರ್ ದೂರದಲ್ಲಿದೆ ಎನ್ನಿ. ಗಂಟೆಗೆ 40 ಕಿಲೋಮೀಟರ್ ವೇಗದಲ್ಲೇ ಬಂದರೆ 18 ಸೆಕೆಂಡಿಗೆ ತಲುಪಿ, ಬ್ರೇಕ್ ಒತ್ತಿ ನಿಲ್ಲಬೇಕು. 30ಕ್ಕೆ ಇಳಿಸಿಕೊಂಡರೆ ಸರಿಯಾಗಿ 24ನೇ ಸೆಕೆಂಡಿಗೆ ಬಂದು, ನಿಲ್ಲದೆಯೇ ದಾಟಬಹುದು. ನಿಂತ ಬಂಡಿಯನ್ನು ಮತ್ತೆ ಎಬ್ಬಿಸುವುದಕ್ಕೆ ಸುಡುವ ಇಂಧನ ಉಳಿಯಿತು, ಹೊಗೆಯೂ ತಗ್ಗಿತು.

ಚಾಲಕನಿಲ್ಲದ ವಾಹನಗಳೇ ತುಂಬಿದರೆ ದೀಪವಾದರೂ ಏಕೆ ಬೇಕು? ಟೆಕ್ಸಾಸ್ ವಿಶ್ವವಿದ್ಯಾಲಯದ ಕರ್ಟ್ ಡ್ರೆಸ್ನರ್ ಮತ್ತು ಪೀಟರ್ ಸ್ಟೋನ್ 2004ರಲ್ಲಿ ಇದಕ್ಕೊಂದು ದಾರಿ ತೋರಿದರು. ಜಂಕ್ಷನ್ನಿನ ನೆಲವನ್ನು ಚದುರಂಗದ ಮಣೆಯಂತೆ ಮನೆಮನೆಯಾಗಿ ಹಂಚಿಕೊಳ್ಳಿ. ಬರುವ ಪ್ರತಿ ಕಾರೂ ‘ಇಷ್ಟು ಹೊತ್ತಿಗೆ ಈ ಮನೆಗಳು ನನಗೆ’ ಎಂದು ಬಸ್ಸಿನ ಸೀಟಿನಂತೆ ಮುಂಗಡ ಕಾದಿರಿಸಲಿ. ಒಂದೇ ಮನೆಗೆ ಒಂದೇ ಕ್ಷಣಕ್ಕೆ ಇಬ್ಬರು ಬೇಡಿಕೆ ಇಡದಿದ್ದರೆ ಯಾರೂ ನಿಲ್ಲಬೇಕಿಲ್ಲ. ಕಂಪ್ಯೂಟರ್ ಪರದೆಯ ಮೇಲೆ ಇದು ಸೊಗಸಾಗಿ ನಡೆಯುತ್ತದೆ.

ಆದರೆ ಬುತ್ತಿಚೀಲದ ಆ ಹೆಂಗಸು ಯಾವ ಮನೆಯನ್ನೂ ಕಾದಿರಿಸಿರಲಿಲ್ಲ. ಅವಳ ಬಳಿ ರೇಡಿಯೊ ಇಲ್ಲ. ಸೈಕಲ್ಲಿನ ಹುಡುಗನ ಬಳಿ ಇಲ್ಲ, ಹಳೆಯ ಜೀಪಿನಲ್ಲೂ ಇಲ್ಲ. ಕಿವಿಯನ್ನಷ್ಟೇ ನಂಬಿದ ಸಿಗ್ನಲ್ಲಿಗೆ ಮಾತಾಡದವರು ಇಲ್ಲದವರೇ ಆಗಿಬಿಡುತ್ತಾರೆ. ಹಾಗಾಗಿ ಕಿವಿ ಬಂದಿತೆಂದು ಕಣ್ಣು ಮುಚ್ಚುವಂತಿಲ್ಲ. ಲೆಕ್ಕದ ಅಳತೆಯೂ ಬದಲಾಗಬೇಕು: ಒಬ್ಬರೇ ಕೂತ ಕಾರನ್ನೂ ಐವತ್ತು ಮಂದಿಯ ಬಸ್ಸನ್ನೂ ‘ಒಂದು ವಾಹನ’ ಎಂದೇ ಎಣಿಸುವುದು ನ್ಯಾಯವಲ್ಲ. ಯಾರ ಒಂದು ನಿಮಿಷಕ್ಕೆ ಎಷ್ಟು ಬೆಲೆ ಎಂಬುದನ್ನು ಯಂತ್ರ ತಾನಾಗಿ ತೀರ್ಮಾನಿಸುವುದಿಲ್ಲ. ಬರೆದುಕೊಡುವವರು ನಾವು.

ಮಾತಾಡದವರನ್ನು ಲೆಕ್ಕಕ್ಕೆ ತಂದ ಉದಾಹರಣೆ ನಮ್ಮ ಕಾಫಿ ಸೀಮೆಗೆ ಹತ್ತಿರದ್ದೇ. ಸಿದ್ದಾಪುರದ ಸುತ್ತ ಆನೆಗಳೂ ತೋಟದಿಂದ ತೋಟಕ್ಕೆ ರಸ್ತೆ ದಾಟುತ್ತವೆ. ಇಂಥದ್ದೇ ತೋಟಗಳ ನಾಡಾದ ತಮಿಳುನಾಡಿನ ವಾಲ್ಪಾರೈಯಲ್ಲಿ ನೇಚರ್ ಕನ್ಸರ್ವೇಶನ್ ಫೌಂಡೇಶನ್ ಎತ್ತರದ ಕಂಬಗಳಿಗೆ ಕೆಂಪು ದೀಪ ಕಟ್ಟಿಸಿತು. ಆನೆ ಹತ್ತಿರವಿದೆ ಎಂದು ತಿಳಿದೊಡನೆ ಮೊಬೈಲ್‌ನಿಂದಲೇ ದೀಪ ಹೊತ್ತಿಸುತ್ತಾರೆ, ದೂರದಿಂದಲೇ ಕಂಡವರು ಎಚ್ಚರಗೊಳ್ಳುತ್ತಾರೆ. ಅಲ್ಲಿ ಆನೆ ಏನನ್ನೂ ಸಾರುವುದಿಲ್ಲ; ಅದರ ಪರವಾಗಿ ಊರಿನವರು ಸಿಗ್ನಲ್ಲಿಗೆ ಹೇಳುತ್ತಾರೆ.

ನಾಳೆ ಸಿದ್ದಾಪುರಕ್ಕೂ ಮಾತಾಡುವ ಸಿಗ್ನಲ್ ಬರಬಹುದು. ಬಂದ ದಿನ ಬೆಳಗ್ಗೆ ಎಂಟಕ್ಕೆ ಹೋಗಿ ನೋಡಬೇಕು: ಬುತ್ತಿಚೀಲದವಳು ರಸ್ತೆಗೆ ಕಾಲಿಟ್ಟಾಗ ಬಸ್ಸೂ ಜೀಪೂ ಮೊದಲಿನಂತೆಯೇ ನಿಲ್ಲುತ್ತವೆಯೇ?