ಆಹಾರದಲ್ಲಿ ಆಮ್ಲ–ಕ್ಷಾರ: ತಿಳಿದು ಉಣ್ಣುವುದು ಹೇಗೆ?

ನಿಂಬೆಹಣ್ಣು ಹುಳಿ, ಆದರೂ ಅದನ್ನು ಕ್ಷಾರೀಯ ಆಹಾರ ಅನ್ನುತ್ತಾರೆ. ಅನ್ನದಲ್ಲಿ ಹುಳಿಯೇ ಇಲ್ಲ. ಅದನ್ನು ಆಮ್ಲೀಯ ಪಟ್ಟಿಗೆ ಸೇರಿಸುತ್ತಾರೆ. ಮೊಬೈಲಿಗೆ ಬರುವ ಇಂಥ ಪಟ್ಟಿ ನೋಡಿದರೆ ಹೊನ್ನಾಳಿ, ನ್ಯಾಮತಿಯ ಅನ್ನವೂ ಜಗಳೂರಿನ ಮುದ್ದೆ, ರೊಟ್ಟಿಯೂ ಕೆಟ್ಟವೇನೋ ಎಂಬ ಅನುಮಾನ ಬರುತ್ತದೆ. ಕೆಟ್ಟವಲ್ಲ. ಏಕೆಂದು ಒಂದೊಂದಾಗಿ ನೋಡೋಣ.

ಆಮ್ಲ ಅಂದರೆ ಆಸಿಡ್, ಕ್ಷಾರ ಅಂದರೆ ಆಲ್ಕಲಿ. ಇವನ್ನು ಅಳೆಯುವ ಮಾನಕ್ಕೆ ಪಿಎಚ್ ಎಂದು ಹೆಸರು. ಅದು 0ಯಿಂದ 14ರವರೆಗೆ ಇರುತ್ತದೆ. 7 ನಡುಬಿಂದು. ಅದಕ್ಕಿಂತ ಕಡಿಮೆಯಾದರೆ ಆಮ್ಲ, ಹೆಚ್ಚಾದರೆ ಕ್ಷಾರ. ನಿಂಬೆರಸದ್ದು ಸುಮಾರು 2. ನಮ್ಮ ರಕ್ತದ್ದು 7.35ರಿಂದ 7.45.

ಆದರೆ ಈ ಪಟ್ಟಿಗಳನ್ನು ಮಾಡುವುದು ನಾಲಿಗೆಯ ರುಚಿ ನೋಡಿ ಅಲ್ಲ. ಆಹಾರ ಜೀರ್ಣವಾದ ಮೇಲೆ ದೇಹದಲ್ಲಿ ಏನು ಉಳಿಯುತ್ತದೆ ಎಂಬುದನ್ನು ನೋಡಿ. ಹಿಂದೆ ವಿಜ್ಞಾನಿಗಳು ಆಹಾರವನ್ನು ಸುಟ್ಟು, ಅದರ ಬೂದಿಯನ್ನೇ ಪರೀಕ್ಷಿಸುತ್ತಿದ್ದರು. 1995ರಲ್ಲಿ ಜರ್ಮನಿಯ ರೆಮರ್ ಮತ್ತು ಮಾಂಜ್ ‘ಪ್ರಾಲ್’ ಎಂಬ ಲೆಕ್ಕ ಕೊಟ್ಟರು. ಆಹಾರದಿಂದ ಮೂತ್ರಪಿಂಡದ ಮೇಲೆ ಬೀಳಬಹುದಾದ ಆಮ್ಲದ ಹೊರೆ ಎಂದು ಅದರ ಅರ್ಥ. 100 ಗ್ರಾಂ ಕೋಳಿಮಾಂಸಕ್ಕೆ ಸುಮಾರು 9, ಶೇಂಗಾಕ್ಕೆ 8, ಬೇಯಿಸಿದ ಅನ್ನಕ್ಕೆ 2ಕ್ಕೂ ಕಡಿಮೆ. ಸೊಪ್ಪು, ಹಣ್ಣುಗಳದ್ದು ಸೊನ್ನೆಗಿಂತ ಕೆಳಗೆ, ಅಂದರೆ ಕ್ಷಾರದ ಕಡೆ: ಪಾಲಕ್ ಮೈನಸ್ 14, ಬಾಳೆಹಣ್ಣು ಮೈನಸ್ 5.5.

ಹಾಗಾದರೆ ಮಾಂಸ, ಅನ್ನ ತಿಂದರೆ ರಕ್ತ ಆಮ್ಲವಾಗುತ್ತದೆಯೇ? ಇಲ್ಲ. ಆಮ್ಲ ಉಂಟುಮಾಡುವ ಇಂಗಾಲದ ಡೈಆಕ್ಸೈಡನ್ನು ಶ್ವಾಸಕೋಶ ಉಸಿರಿನ ಮೂಲಕ ಹೊರಹಾಕುತ್ತದೆ. ಮೂತ್ರಪಿಂಡ ಹೆಚ್ಚಿನ ಆಮ್ಲವನ್ನು ಮೂತ್ರದಲ್ಲಿ ಕಳಿಸುತ್ತದೆ. ಊಟ ಬದಲಾದರೆ ಮೂತ್ರದ ಪಿಎಚ್ ಬದಲಾಗುತ್ತದೆ, ರಕ್ತದ್ದಲ್ಲ. ಆದ್ದರಿಂದ ಮೂತ್ರದಲ್ಲಿ ಕಾಗದದ ಪಟ್ಟಿ ಅದ್ದಿ ‘ದೇಹದಲ್ಲಿ ಆಸಿಡ್ ತುಂಬಿದೆ’ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಎದೆಯುರಿ, ಹುಳಿತೇಗು ಬೇರೆಯೇ ವಿಷಯ. ಹೊಟ್ಟೆಯ ಆಮ್ಲ ಊಟ ಜೀರ್ಣವಾಗಲು ಬೇಕೇಬೇಕು. ಅದು ಅನ್ನನಾಳಕ್ಕೆ ಮೇಲೇರಿದಾಗ ಉರಿಯುತ್ತದೆ. ಸಂಜೆಯ ಮಿರ್ಚಿ, ಮೇಲೆ ಚಹಾ, ತಡರಾತ್ರಿ ಊಟ, ಕೂಡಲೇ ಮಲಗುವುದು ಇದನ್ನು ಹೆಚ್ಚಿಸುತ್ತವೆ. ಊಟಕ್ಕೂ ನಿದ್ದೆಗೂ ನಡುವೆ ಎರಡು–ಮೂರು ತಾಸು ಬಿಡಿ. ಅಡುಗೆ ಸೋಡಾ ಕದಡಿ ಕುಡಿಯುವ ಅಭ್ಯಾಸ ಬೇಡ. ಅದರಲ್ಲಿ ಸೋಡಿಯಂ ಬಹಳ. ಬಿಪಿ ಇದ್ದವರಿಗೆ ಒಳ್ಳೆಯದಲ್ಲ.

ಕ್ಷಾರವೆಲ್ಲ ಒಳ್ಳೆಯದು ಎಂಬುದೂ ತಪ್ಪು. ಎಲೆ–ಅಡಿಕೆಗೆ ಹಚ್ಚುವ ಸುಣ್ಣ ಗಟ್ಟಿ ಕ್ಷಾರ. ಬಾಯಿಯ ಒಳಚರ್ಮವನ್ನು ಸುಡುತ್ತದೆ. ಅದರ ಜೊತೆ ಜಗಿಯುವ ಅಡಿಕೆಯನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಕ್ಯಾನ್ಸರ್‌ಕಾರಕ ಎಂದು ವರ್ಗೀಕರಿಸಿದೆ. ಅಡಿಕೆ ಬೆಳೆಯುವ ಚನ್ನಗಿರಿಯವರಿಗೆ ಇದು ಕಹಿ ಮಾತು, ಆದರೂ ಹೇಳಲೇಬೇಕು.

ಮತ್ತೆ ಏನು ಮಾಡಬೇಕು? ಪಟ್ಟಿ ಬಿಡಿ, ತಟ್ಟೆ ನೋಡಿ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಕೊಟ್ಟ ಸಲಹೆಯಂತೆ ದಿನಕ್ಕೆ ಸೊಪ್ಪು–ತರಕಾರಿ 400 ಗ್ರಾಂ, ಹಣ್ಣು 100 ಗ್ರಾಂ ಬೇಕು. ನಮ್ಮ ತಟ್ಟೆಯಲ್ಲಿ ಅನ್ನವೋ ಮುದ್ದೆಯೋ ಗುಡ್ಡೆ, ಪಲ್ಯ ಒಂದು ಚಮಚ. ಅದನ್ನು ಸರಿಮಾಡಿ. ಅನ್ನ ಒಂದು ಸೌಟು ಕಡಿಮೆ, ಪಲ್ಯ ಒಂದು ಸೌಟು ಹೆಚ್ಚು. ರೊಟ್ಟಿಗೆ ಬರೀ ಶೇಂಗಾ ಚಟ್ನಿಪುಡಿ ಸಾಲದು. ಹಸಿ ಸೌತೆಕಾಯಿ, ಈರುಳ್ಳಿ, ಮೆಂತ್ಯಸೊಪ್ಪು ಇರಲಿ. ಬೇಳೆ, ಮೊಟ್ಟೆ, ಹಾಲು ಬಿಡಬೇಡಿ. ಪ್ರೋಟೀನು, ಅಂದರೆ ಮೈ ಕಟ್ಟುವ ಸತ್ವ, ಅವುಗಳಲ್ಲಿದೆ. ಸೊಪ್ಪು–ಹಣ್ಣು ಒಳ್ಳೆಯದಾಗಿರುವುದು ನಾರು, ಜೀವಸತ್ವ, ಪೊಟ್ಯಾಸಿಯಂ ಇರುವುದರಿಂದ. ರಕ್ತವನ್ನು ಕ್ಷಾರ ಮಾಡುವುದರಿಂದಲ್ಲ.

ಖರ್ಚು? ಇದಕ್ಕೆ ಸಂತೆಯೇ ಸಾಕು. ಹರಿವೆ, ದಂಟು, ಪಾಲಕ್ ದುಬಾರಿಯಲ್ಲ. ಅಡಿಕೆ ತೋಟದ ನಡುವಿನ ಬಾಳೆ ಮನೆಯದೇ. ಮಳೆ ಕಡಿಮೆಯ ಜಗಳೂರಿನಲ್ಲಿ ಬಚ್ಚಲ ನೀರು ಹರಿಯುವ ಕಡೆ ಒಂದು ನುಗ್ಗೆಮರ ನೆಟ್ಟರೆ ಸೊಪ್ಪೂ ಕಾಯಿಯೂ ಸಿಗುತ್ತವೆ. ಆದರೆ ಆಲ್ಕಲೈನ್, ಅಂದರೆ ಕ್ಷಾರೀಯ, ನೀರಿನ ಯಂತ್ರಗಳಿಗೆ ಲಕ್ಷ ರೂಪಾಯಿ ದಾಟುವುದೂ ಉಂಟು. ಆ ನೀರು ಹೊಟ್ಟೆಯ ಆಮ್ಲಕ್ಕೆ ಸಿಕ್ಕ ಕೂಡಲೇ ತನ್ನ ಕ್ಷಾರಗುಣ ಕಳೆದುಕೊಳ್ಳುತ್ತದೆ. ಕ್ಷಾರೀಯ ಆಹಾರದಿಂದ ಕ್ಯಾನ್ಸರ್ ವಾಸಿಯಾಗುತ್ತದೆ ಎಂಬ ಮಾತನ್ನಂತೂ ನಂಬಬೇಡಿ. ಈ ವಾದವನ್ನು ಪುಸ್ತಕ ಬರೆದು ಹಬ್ಬಿಸಿದ ಅಮೆರಿಕದ ರಾಬರ್ಟ್ ಯಂಗ್‌ಗೆ, ಪರವಾನಗಿ ಇಲ್ಲದೆ ವೈದ್ಯವೃತ್ತಿ ಮಾಡಿದ್ದಕ್ಕೆ 2017ರಲ್ಲಿ ಜೈಲುಶಿಕ್ಷೆಯಾಯಿತು.

ಯಾರು ಎಚ್ಚರವಾಗಿರಬೇಕು? ಮೂತ್ರಪಿಂಡದ ತೊಂದರೆ ಇರುವವರು. ಎಳನೀರು, ಬಾಳೆಹಣ್ಣು, ಸೊಪ್ಪಿನ ಪೊಟ್ಯಾಸಿಯಂ ಅವರ ಹೃದಯಕ್ಕೇ ಅಪಾಯವಾಗಬಹುದು. ಎಷ್ಟು ತಿನ್ನಬೇಕೆಂದು ವೈದ್ಯರೇ ಹೇಳಲಿ. ಮೂತ್ರಪಿಂಡಕ್ಕೆ ಪೆಟ್ಟು ಕೊಡುವ ಬಿಪಿ, ಶುಗರ್ ತಪಾಸಣೆ 30 ದಾಟಿದವರಿಗೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಉಚಿತ. ನುಂಗಲು ಕಷ್ಟ, ಕಪ್ಪು ಮಲ, ಕಾರಣವಿಲ್ಲದೆ ತೂಕ ಇಳಿಯುವುದು ಕಂಡರೆ ತಾಲ್ಲೂಕು ಆಸ್ಪತ್ರೆಗೆ ಹೋಗಿ. ಎದೆನೋವು ತೋಳಿಗೋ ದವಡೆಗೋ ಹರಿದು ಬೆವರು ಬಂದರೆ ಗ್ಯಾಸ್ ಎಂದು ಕೂರಬೇಡಿ, ತಕ್ಷಣ 108ಕ್ಕೆ ಕರೆ ಮಾಡಿ.